ನೋವಿನ ಮಾತ್ರೆ ತಿಂದರೆ ಗರ್ಭ ನಿಲ್ಲೋದಿಲ್ವಾ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಮದುವೆಯಾಗಿ ಮೂರು ವರ್ಷ ಆಯ್ತು. ತವರು ಶಿರಸಿ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. 14 ತಿಂಗಳಿಂದ ಮಗುವಿಗಾಗಿ ಕಾಯ್ತಿದ್ದೇವೆ. ಹೈಸ್ಕೂಲಿನಿಂದಲೂ ನನಗೆ ಮುಟ್ಟಿನ ಹೊಟ್ಟೆನೋವು ಜಾಸ್ತಿ. ಮೊದಲ ಎರಡು ದಿನ ಮೆಫೆನಾಮಿಕ್ ಆಸಿಡ್ ಮಾತ್ರೆ ಇಲ್ಲದೆ ಏಳೋಕಾಗಲ್ಲ. ಕಳೆದ ಆರು ತಿಂಗಳಿಂದ ಸೊಂಟನೋವು ಬೇರೆ. ಕೆಲಸ ಫೋರ್ಟ್‌ನಲ್ಲಿ, ಲೋಕಲ್‌ನಲ್ಲಿ ಹೋಗಿ ಬರೋದಕ್ಕೇ ಮೂರು ಗಂಟೆ, ಬಹಳ ದಿನ ನಿಂತೇ. ಮೆಡಿಕಲ್‌ನವರು ಕೊಟ್ಟ ಡೈಕ್ಲೋಫೆನಾಕ್ ಮಾತ್ರೆಯನ್ನು ವಾರದಲ್ಲಿ ನಾಲ್ಕೈದು ದಿನ ತಗೊಳ್ತೇನೆ. ‘ಈ ಮಾತ್ರೆಗಳಿಂದಲೇ ನಿನಗೆ ಗರ್ಭ ನಿಲ್ತಿಲ್ಲ’ ಅಂತಾರೆ ನಮ್ಮತ್ತೆ. ನಿಜವಾ? ಇನ್ನೊಂದು ವಿಷಯ. ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಮನೆ ಹಸುವಿಗೆ ಡಾಕ್ಟರು ‘ಪ್ರೊಸ್ಟಾಗ್ಲಾಂಡಿನ್’ ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನಕ್ಕೆ ಬೆದೆಗೆ ಬಂತು, ಈಗ ಗಬ್ಬ ಆಗಿದೆ. ಅಂಥದ್ದು ಹೆಂಗಸರಿಗೆ ಇಲ್ವಾ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ ಅಂದುಕೊಂಡಿದ್ದೀರಿ. ಎರಡರ ಬೇರೂ ಒಂದೇ. ನಿಮ್ಮ ಮುಟ್ಟಿನ ನೋವಿಗೆ ಕಾರಣ, ಅಂಡ ಹೊರಗೆ ಬರುವುದಕ್ಕೆ ಕಾರಣ, ಅಣ್ಣನ ಹಸುವಿಗೆ ಚುಚ್ಚಿದ ಔಷಧ, ಈ ಮೂರೂ ಒಂದೇ ಮನೆತನದವು. ಆ ಮನೆತನದ ಹೆಸರೇ ಪ್ರೊಸ್ಟಾಗ್ಲಾಂಡಿನ್.

ಮೊದಲು ನಿಮಗೆ ತುರ್ತಾಗಿ ಬೇಕಾದ ಉತ್ತರ ಹೇಳಿಬಿಡುತ್ತೇನೆ. ಮುಟ್ಟಿನ ಮೊದಲ ಎರಡು ದಿನ ತಗೊಳ್ಳುವ ಮಾತ್ರೆಯಿಂದ ಗರ್ಭ ನಿಲ್ಲುವುದಕ್ಕೆ ಅಡ್ಡಿಯಾಗುವುದಿಲ್ಲ. ಆ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಸರಿಯಲ್ಲ. ಆದರೆ ವಾರಕ್ಕೆ ನಾಲ್ಕೈದು ದಿನ, ತಿಂಗಳುಗಟ್ಟಲೆ ತಗೊಳ್ಳುತ್ತಿರುವ ಡೈಕ್ಲೋಫೆನಾಕ್ ಬಗ್ಗೆ ಅವರ ಅನುಮಾನದಲ್ಲಿ ಹುರುಳಿದೆ. ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಒಂದು ಕಾರಣ ಆಗಿರಬಹುದು. ಮತ್ತು ಅದು ಸುಲಭವಾಗಿ ಸರಿಪಡಿಸಬಹುದಾದ ಕಾರಣ.

ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಾವಕಾಶವಾಗಿ ಓದಿ.

ಹಾರ್ಮೋನು ಅಂದರೆ ನಿಮಗೆ ಗೊತ್ತು. ಒಂದು ಗ್ರಂಥಿಯಲ್ಲಿ ಹುಟ್ಟುತ್ತದೆ, ರಕ್ತ ಸೇರಿ ದೂರದ ಅಂಗಕ್ಕೆ ಹೋಗುತ್ತದೆ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಹೊರಟ ಎಲ್‌ಎಚ್ ಅನ್ನುವ ಹಾರ್ಮೋನು ಕಿಬ್ಬೊಟ್ಟೆಯಲ್ಲಿರುವ ಅಂಡಾಶಯಕ್ಕೆ ಬಂದು ಕೆಲಸ ಮಾಡುತ್ತದೆ. ಊರಿಂದ ಮುಂಬೈಗೆ ಕಾಗದ ಬಂದ ಹಾಗೆ. ಪ್ರೊಸ್ಟಾಗ್ಲಾಂಡಿನ್ ಹಾಗಲ್ಲ. ಅದು ಹುಟ್ಟಿದ ಜಾಗದಲ್ಲೇ, ಅಕ್ಕಪಕ್ಕದ ಜೀವಕೋಶಗಳಿಗಷ್ಟೇ ಸುದ್ದಿ ಮುಟ್ಟಿಸುತ್ತದೆ. ಚಾಳಿನ ಗ್ಯಾಲರಿಯಲ್ಲಿ ನಿಂತು ಪಕ್ಕದ ಖೋಲಿಯವರನ್ನು ಕೂಗಿದ ಹಾಗೆ. ಕೂಗು ಕೇಳಿದವರು ಏಳುತ್ತಾರೆ, ಮುಂದಿನ ಬೀದಿಗೆ ಅದು ಮುಟ್ಟುವುದೇ ಇಲ್ಲ. ತಪ್ಪಿ ರಕ್ತಕ್ಕೆ ಸೇರಿದರೂ ಶ್ವಾಸಕೋಶದ ಮೂಲಕ ಒಂದು ಸಲ ಹಾದು ಹೋಗುವಷ್ಟರಲ್ಲಿ ಬಹುಪಾಲು ಅಳಿದು ಹೋಗಿರುತ್ತದೆ. ಅದಕ್ಕೇ ಇದನ್ನು ಹಾರ್ಮೋನು ಅನ್ನದೆ ‘ಹಾರ್ಮೋನಿನಂಥದ್ದು’ ಅನ್ನುತ್ತಾರೆ.

ಇದನ್ನು ಮಾಡುವ ಗ್ರಂಥಿ ಅಂತ ಒಂದು ಇಲ್ಲ. ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಮಾಡುತ್ತವೆ. ಕಚ್ಚಾ ಮಾಲು ಜೀವಕೋಶದ ಪೊರೆಯಲ್ಲೇ ಇರುವ ಒಂದು ಕೊಬ್ಬಿನ ಆಮ್ಲ, ಅರಾಕಿಡೋನಿಕ್ ಆಸಿಡ್. ಅದನ್ನು ಪೊರೆಯಿಂದ ಬಿಡಿಸಿಕೊಂಡು, ಕಾಕ್ಸ್ ಅನ್ನುವ ಕಿಣ್ವದ ಕೈಗೆ ಕೊಟ್ಟರೆ ಪ್ರೊಸ್ಟಾಗ್ಲಾಂಡಿನ್ ತಯಾರು. ಕಾಕ್ಸ್‌ನಲ್ಲಿ ಎರಡು ಬಗೆ. ಕಾಕ್ಸ್-1 ದಿನವೂ ಕೆಲಸ ಮಾಡುತ್ತಿರುತ್ತದೆ. ಹೊಟ್ಟೆಯ ಒಳಪದರ ಕಾಯುವುದು ಅದೇ. ಕಾಕ್ಸ್-2 ಹೆಚ್ಚಾಗಿ ಕರೆ ಬಂದಾಗ ಮಾತ್ರ ಏಳುತ್ತದೆ. ಗಾಯವಾದಾಗ, ಊತ ಬಂದಾಗ, ಮತ್ತು ಪ್ರತಿ ತಿಂಗಳು ಅಂಡ ಹೊರಬರುವ ಹೊತ್ತಿಗೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ಪ್ರೊಸ್ಟಾಗ್ಲಾಂಡಿನ್ ಅನ್ನುವ ಹೆಸರು ಒಂದು ತಪ್ಪು ಎಣಿಕೆಯಿಂದ ಬಂದದ್ದು. 1930ರಲ್ಲಿ ನ್ಯೂಯಾರ್ಕಿನಲ್ಲಿ ಕರ್ಜ್‌ರಾಕ್ ಮತ್ತು ಲೀಬ್ ಅನ್ನುವ ಇಬ್ಬರು, ಗರ್ಭಕೋಶದ ಸ್ನಾಯುವಿನ ತುಣುಕಿಗೆ ವೀರ್ಯ ತಾಗಿದರೆ ಅದು ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲಾಗುತ್ತದೆ ಅಂತ ಕಂಡರು. ವೀರ್ಯದಲ್ಲಿ ಏನೋ ಇದೆ ಅಂತಾಯ್ತು. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅದು ಪ್ರಾಸ್ಟೇಟ್ ಗ್ರಂಥಿಯದ್ದು ಅಂದುಕೊಂಡು 1935ರಲ್ಲಿ ಈ ಹೆಸರಿಟ್ಟರು. ಬಹುಪಾಲು ಬರುವುದು ಪಕ್ಕದ ವೀರ್ಯಚೀಲಗಳಿಂದ (ಸೆಮಿನಲ್ ವೆಸಿಕಲ್) ಅಂತ ಆಮೇಲೆ ತಿಳಿಯಿತು, ಹೆಸರು ಮಾತ್ರ ಉಳಿದುಕೊಂಡಿತು. ಗಂಡಸಿನ ಗ್ರಂಥಿಯ ಹೆಸರು ಹೊತ್ತ ಈ ವಸ್ತು ಹೆಣ್ಣಿನ ದೇಹದಲ್ಲಿ ಎಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಾಗಲು ಇನ್ನೂ ದಶಕಗಳೇ ಹಿಡಿದವು. 1971ರಲ್ಲಿ ಲಂಡನ್ನಿನ ಜಾನ್ ವೇನ್ ಒಂದು ದೊಡ್ಡ ಗಂಟು ಬಿಡಿಸಿದರು. ಆಸ್ಪಿರಿನ್‌ನಂಥ ಮಾತ್ರೆಗಳು ನೋವು ತಗ್ಗಿಸುವುದು ಪ್ರೊಸ್ಟಾಗ್ಲಾಂಡಿನ್ ಹುಟ್ಟದಂತೆ ತಡೆದು ಅಂತ ತೋರಿಸಿದರು. 1982ರಲ್ಲಿ ಅವರಿಗೂ ಬರ್ಗ್‌ಸ್ಟ್ರಾಮ್, ಸಾಮ್ಯುಯೆಲ್ಸನ್ ಅವರಿಗೂ ನೊಬೆಲ್ ಬಂತು.

ನಿಮ್ಮ ಬ್ಯಾಗಿನಲ್ಲಿರುವ ಮೆಫೆನಾಮಿಕ್ ಆಸಿಡ್, ಡೈಕ್ಲೋಫೆನಾಕ್, ಮನೆಯಲ್ಲಿರುವ ಐಬುಪ್ರೊಫೆನ್, ಮೂಳೆ ಡಾಕ್ಟರು ಬರೆಯುವ ಎಟೋರಿಕಾಕ್ಸಿಬ್, ಎಲ್ಲವೂ ಮಾಡುವುದು ಇಷ್ಟೇ. ಕಾಕ್ಸ್‌ನ ಕೈ ಹಿಡಿಯುತ್ತವೆ. ಆದರೆ ಇದು ಸೊಂಟದ ಕಾಕ್ಸ್, ಇದು ಅಂಡಾಶಯದ ಕಾಕ್ಸ್ ಅಂತ ಮಾತ್ರೆಗೆ ಭೇದ ಗೊತ್ತಿಲ್ಲ.

ಈಗ ಅಂಡಾಶಯಕ್ಕೆ ಬರೋಣ. ಪ್ರತಿ ತಿಂಗಳು ಒಂದು ಫಾಲಿಕಲ್ ದೊಡ್ಡದಾಗುತ್ತದೆ. ನೀರು ತುಂಬಿದ ಸಣ್ಣ ಚೀಲ ಅನ್ನಿ, ಒಳಗೆ ಅಂಡ. ಸುಮಾರು ಎರಡು ಸೆಂಟಿಮೀಟರ್ ಬೆಳೆದಾಗ ಪಿಟ್ಯುಟರಿಯಿಂದ ಎಲ್‌ಎಚ್ ಉಕ್ಕಿ ಬರುತ್ತದೆ. ಉಕ್ಕು ಶುರುವಾಗಿ ಸುಮಾರು 36 ಗಂಟೆಗೆ ಫಾಲಿಕಲ್ ಒಡೆದು ಅಂಡ ಹೊರಬರಬೇಕು. ಈ 36 ಗಂಟೆಯಲ್ಲಿ ಏನಾಗುತ್ತದೆ? ಎಲ್‌ಎಚ್ ಬಂದು ಬಾಗಿಲು ತಟ್ಟಿ ಹೋಗುತ್ತದೆ, ಅಷ್ಟೇ. ಒಳಗಿನ ಕೆಲಸ ಮಾಡುವವರು ಬೇರೆ. ಫಾಲಿಕಲ್‌ನ ಒಳಪದರದ ಜೀವಕೋಶಗಳಲ್ಲಿ ಕಾಕ್ಸ್-2 ಎಚ್ಚರಗೊಳ್ಳುತ್ತದೆ. ಪಿಜಿಇ-2 ಅನ್ನುವ ಪ್ರೊಸ್ಟಾಗ್ಲಾಂಡಿನ್ ಆ ನೀರಿನಲ್ಲಿ ತುಂಬಿಕೊಳ್ಳುತ್ತದೆ. ಅಂಡದ ಸುತ್ತ ಒತ್ತೊತ್ತಾಗಿ ಕುಳಿತ ಜೀವಕೋಶಗಳು ಅಂಟಿನಂಥ ಲೋಳೆ ಸುರಿಸಿ ಸಡಿಲಾಗುತ್ತವೆ, ನೆನೆಹಾಕಿದ ಕಾಮಕಸ್ತೂರಿ ಬೀಜ ಉಬ್ಬುತ್ತದಲ್ಲ, ಹಾಗೆ. ಇನ್ನೊಂದು ಕಡೆ ಫಾಲಿಕಲ್‌ನ ಗೋಡೆ ಒಂದೇ ಜಾಗದಲ್ಲಿ ತೆಳ್ಳಗಾಗುತ್ತಾ ಬರುತ್ತದೆ. ಕೊನೆಗೆ ಅಲ್ಲಿ ಬಾಯಿ ಬಿಡುತ್ತದೆ.

ಕಾಕ್ಸ್-2 ಇಲ್ಲದ ಹಾಗೆ ಮಾಡಿದ ಹೆಣ್ಣಿಲಿಗಳನ್ನು 1990ರ ದಶಕದಲ್ಲಿ ವಿಜ್ಞಾನಿಗಳು ಗಮನಿಸಿದರು. ಅಂಡ ಸರಿಯಾಗಿ ಹೊರಬರುತ್ತಿರಲಿಲ್ಲ. ಬಂದದ್ದು ಸರಿಯಾಗಿ ಫಲಿಸುತ್ತಿರಲಿಲ್ಲ. ಬೇರೆ ಇಲಿಯ ಒಳ್ಳೆಯ ಭ್ರೂಣವನ್ನೇ ತಂದು ಇಟ್ಟರೂ ಗರ್ಭಕೋಶ ಅದನ್ನು ಹಿಡಿದುಕೊಳ್ಳುತ್ತಿರಲಿಲ್ಲ. ಒಂದು ಕಿಣ್ವ ಇಲ್ಲದಿದ್ದರೆ ಇಷ್ಟು ಮೆಟ್ಟಿಲುಗಳು ಒಟ್ಟಿಗೆ ಕುಸಿಯುತ್ತವೆ. ನೋವು ಕೊಡುತ್ತದೆ ಅಂತ ನಾವು ಬೈಯುವ ವಸ್ತುವಿನ ನಿಜವಾದ ಬೆಲೆ ನನಗೆ ಮನವರಿಕೆಯಾದದ್ದು ಆ ವರದಿಗಳನ್ನು ಓದಿದಾಗ.

ಇಲಿಯ ಮಾತು ಹಾಗಿರಲಿ, ಹೆಂಗಸರಲ್ಲಿ? ಅಂಡ ಬರುವ ದಿನಗಳಲ್ಲಿ ಈ ಮಾತ್ರೆಗಳನ್ನು ಬಿಡದೆ ತಗೊಂಡರೆ, ಕೆಲವರಲ್ಲಿ ಫಾಲಿಕಲ್ ಒಡೆಯುವುದು ತಡವಾಗುತ್ತದೆ, ಕೆಲವರಲ್ಲಿ ಒಡೆಯುವುದೇ ಇಲ್ಲ. ಇದಕ್ಕೆ ನಾವು ಎಲ್‌ಯುಎಫ್ ಅನ್ನುತ್ತೇವೆ. ಒಡೆಯದೆ ಉಳಿದ ಫಾಲಿಕಲ್ ಅಂತ ಅರ್ಥ.

ಇದರಲ್ಲಿ ಒಂದು ಮೋಸ ಇದೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಒಡೆಯದಿದ್ದರೂ ಆ ಫಾಲಿಕಲ್ ಮುಂದಿನ ಕೆಲಸ ಶುರುಮಾಡಿಬಿಡುತ್ತದೆ. ಗರ್ಭಕೋಶದ ಒಳಪದರವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಸುರಿಸುತ್ತದೆ. ಹಾಗಾಗಿ ಮುಟ್ಟು ಸರಿಯಾದ ದಿನಕ್ಕೇ ಬರುತ್ತದೆ. ಮನೆಯಲ್ಲಿ ಮೂತ್ರದ ಪಟ್ಟಿಯಿಂದ ನೋಡುವ ಅಂಡೋತ್ಪತ್ತಿ ಕಿಟ್ ಕೂಡ ‘ಸರಿ’ ಅನ್ನುತ್ತದೆ, ಯಾಕೆಂದರೆ ಅದು ನೋಡುವುದು ಎಲ್‌ಎಚ್ ಉಕ್ಕನ್ನು. 21ನೇ ದಿನದ ರಕ್ತಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಎಲ್ಲ ರಿಪೋರ್ಟು ನಾರ್ಮಲ್, ಅಂಡ ಮಾತ್ರ ಒಳಗೇ ಕೂತಿರುತ್ತದೆ. ಇದನ್ನು ಹಿಡಿಯುವ ದಾರಿ ಸ್ಕ್ಯಾನ್ ಒಂದೇ. ಒಂದು ದಿನದ್ದಲ್ಲ, ಎರಡು ಮೂರು ದಿನಕ್ಕೊಮ್ಮೆ ನೋಡುವ ಫಾಲಿಕ್ಯುಲರ್ ಸ್ಟಡಿ.

ಕೆಲವು ವರ್ಷಗಳ ಹಿಂದೆ ಠಾಣೆಯಿಂದ ಒಬ್ಬ ಟೀಚರು ನನ್ನ ಹತ್ತಿರ ಬರುತ್ತಿದ್ದರು. ಕುಂದಾಪುರದ ಹೆಣ್ಣುಮಗಳು. ಮಂಡಿನೋವಿಗೆ ಎಟೋರಿಕಾಕ್ಸಿಬ್ ದಿನಾ ತಗೊಳ್ಳುತ್ತಿದ್ದರು, ಆದರೆ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ತಪ್ಪು ನನ್ನದೇ. 13ನೇ ದಿನ ಸ್ಕ್ಯಾನಿನ ಪರದೆಯಲ್ಲಿ ಫಾಲಿಕಲ್ ಕಪ್ಪು ಗುಂಡಗೆ, ಅಂಚು ಗೆರೆ ಎಳೆದ ಹಾಗೆ, 20 ಮಿಲಿಮೀಟರ್ ಇತ್ತು. ಒಡೆಯುವ ಹೊತ್ತಾಯಿತು ಅಂದುಕೊಂಡೆ. 16ನೇ ದಿನ ಅದೇ ಕಪ್ಪು ಗುಂಡು 27 ಆಗಿತ್ತು. 18ನೇ ದಿನ ನೋಡಿದರೆ ಇನ್ನೂ ದೊಡ್ಡದು, ಅಂಚು ದಪ್ಪಗಾಗಿತ್ತು, ಒಳಗೆ ಬಲೆ ಕಟ್ಟಿದ ಹಾಗೆ ಮಬ್ಬು. ಒಡೆದಿದ್ದರೆ ಆ ಗುಂಡು ಮುದುಡಿ ಹೋಗಿರಬೇಕಿತ್ತು, ಗರ್ಭಕೋಶದ ಹಿಂದೆ ಒಂದಿಷ್ಟು ನೀರು ಕಾಣಬೇಕಿತ್ತು. ಆಗ ಕೇಳಿದೆ, ‘ಏನಾದರೂ ಮಾತ್ರೆ ತಗೊಳ್ತಿದ್ದೀರಾ?’ ಅವರು ಬ್ಯಾಗಿನಿಂದ ಸ್ಟ್ರಿಪ್ ತೆಗೆದು ತೋರಿಸಿದರು. ಮೂಳೆ ಡಾಕ್ಟರ ಜೊತೆ ಮಾತಾಡಿ ಅದನ್ನು ನಿಲ್ಲಿಸಿ, ಮಂಡಿಗೆ ಫಿಸಿಯೋಥೆರಪಿ ಶುರುಮಾಡಿದೆವು. ಮುಂದಿನ ತಿಂಗಳು 15ನೇ ದಿನಕ್ಕೆ ಪರದೆಯಲ್ಲಿ ಆ ಗುಂಡು ಇರಲಿಲ್ಲ. ಅದೇ ತಿಂಗಳು ಅವರು ಗರ್ಭಿಣಿಯಾದರು ಅಂತೇನೂ ಅಲ್ಲ, ಇನ್ನೂ ಕೆಲವು ತಿಂಗಳು ಕಾದರು. ಆದರೆ ಮುಚ್ಚಿದ್ದ ಬಾಗಿಲು ತೆರೆಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆಯೇ ನೋವಿನ ಮಾತ್ರೆಯದ್ದು.

ಸಮಾಧಾನದ ವಿಷಯ ಏನೆಂದರೆ ಇದು ಶಾಶ್ವತವಾದ ಹಾನಿಯಲ್ಲ. ಮಾತ್ರೆ ನಿಲ್ಲಿಸಿದರೆ ಅಂಡಾಶಯ ಮತ್ತೆ ತನ್ನ ಲಯಕ್ಕೆ ಬರುತ್ತದೆ. ಇಷ್ಟು ವರ್ಷ ತಿಂದದ್ದು ಒಳಗೆ ಸೇರಿಕೊಂಡಿದೆ ಅನ್ನುವ ಭಯ ಬೇಡ. ಮಾತ್ರೆ ತಿನ್ನುವವರಿಗೆಲ್ಲ ಹೀಗಾಗುತ್ತದೆ ಅಂತಲೂ ಅಲ್ಲ. ದಿನಾ ತಗೊಂಡೂ ಗರ್ಭಿಣಿಯಾದವರು ಇದ್ದಾರೆ.

ಇಲ್ಲೊಂದು ವಿಷಯ ಹೇಳಲೇಬೇಕು. ನಮ್ಮ ಮುಂಬೈನ ಪರೇಲ್‌ನಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ 1986ರ ಆಗಸ್ಟ್ 6ರಂದು ಒಂದು ಪ್ರನಾಳ ಶಿಶು ಹುಟ್ಟಿತು. ಆ ಚಿಕಿತ್ಸೆಯಲ್ಲಿ, ಅಂದರೆ ಐವಿಎಫ್‌ನಲ್ಲಿ, ಫಾಲಿಕಲ್ ತಾನಾಗಿ ಒಡೆಯುವುದನ್ನು ಕಾಯುವುದಿಲ್ಲ, ಒಡೆಯುವ ಮೊದಲೇ ಸೂಜಿಯಿಂದ ಅಂಡ ತೆಗೆಯುತ್ತಾರೆ. ಮೊದಲೇ ಒಡೆದುಬಿಟ್ಟರೆ ಅಂಡ ಕೈತಪ್ಪುತ್ತದೆ. ಹಾಗಾಗಿ ಹೆಚ್ಚು ಹಾರ್ಮೋನು ಕೊಡದೆ ಮಾಡುವ ಐವಿಎಫ್‌ನಲ್ಲಿ ಕೆಲವು ವೈದ್ಯರು ಬೇಕಂತಲೇ ಒಂದೆರಡು ದಿನ ಇದೇ ಜಾತಿಯ ನೋವಿನ ಮಾತ್ರೆ ಕೊಡುತ್ತಾರೆ, ಫಾಲಿಕಲ್ ಒಡೆಯದಿರಲಿ ಅಂತ. ನಿಮಗೆ ಅಡ್ಡಿಯಾಗಬಹುದಾದದ್ದೇ ಅಲ್ಲಿ ಉಪಾಯ.

ಇನ್ನು ನಿಮ್ಮ ಮುಟ್ಟಿನ ನೋವು. ಗರ್ಭ ನಿಲ್ಲದ ತಿಂಗಳು ಪ್ರೊಜೆಸ್ಟರಾನ್ ಇಳಿಯುತ್ತದೆ. ಅದು ಇಳಿದ ಕೂಡಲೇ ಗರ್ಭಕೋಶದ ಒಳಪದರ ಪಿಜಿಎಫ್-2 ಆಲ್ಫಾ ಅನ್ನುವ ಇನ್ನೊಂದು ಪ್ರೊಸ್ಟಾಗ್ಲಾಂಡಿನ್ ಮಾಡುತ್ತದೆ. ಅದು ಸ್ನಾಯುವನ್ನು ಹಿಂಡುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ಬಿಗಿದ ಸ್ನಾಯುವಿಗೆ ರಕ್ತ ಸಾಲದೆ ನೋವು. ಅದೇ ವಸ್ತು ಪಕ್ಕದ ಕರುಳಿಗೆ ತಾಗಿದರೆ ಭೇದಿ, ವಾಕರಿಕೆ. ‘ಮುಟ್ಟಾದಾಗ ಹೊಟ್ಟೆ ಕೆಡುತ್ತೆ, ಏನು ತಿಂದೆನೋ’ ಅಂತ ಎಷ್ಟೋ ಹುಡುಗಿಯರು ಹೇಳುತ್ತಾರೆ. ತಿಂದದ್ದಕ್ಕಲ್ಲ ಅದು. ಇದು ಹೆಚ್ಚಾಗಿ ಸುರಿಯುವುದು ಮೊದಲ 48 ಗಂಟೆ, ನೋವೂ ಅಷ್ಟೇ ಹೊತ್ತು. ಮುಟ್ಟಿನ ಸ್ರಾವದಲ್ಲಿ ಸ್ನಾಯು ಹಿಂಡುವ ವಸ್ತು ಇದೆ ಅಂತ ಇಂಗ್ಲೆಂಡಿನ ಪಿಕಲ್ಸ್ ಅನ್ನುವವರು 1957ರಲ್ಲೇ ಬರೆದಿದ್ದರು. ಆದರೂ ಮುಂದೆ ಬಹಳ ವರ್ಷ ‘ಇದೆಲ್ಲ ಮನಸ್ಸಿನದ್ದು, ಮದುವೆಯಾದರೆ ಸರಿಹೋಗುತ್ತೆ’ ಅಂತ ಹೆಣ್ಣುಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಈಗಲೂ ಕೆಲವರು ಹೇಳುತ್ತಾರೆ. ಅದನ್ನು ಕೇಳಿದಾಗ ನನಗೆ ತುಂಬಾ ನೋವಾಗುತ್ತದೆ. ನಿಮ್ಮ ಹೊಟ್ಟೆನೋವು ನಿಜವಾದ ನೋವು.

ಆ ಎರಡು ದಿನ ಮಾತ್ರೆ ತಗೊಳ್ಳಿ. ಆಗ ಅಂಡಾಶಯದಲ್ಲಿ ಒಡೆಯಬೇಕಾದ ಫಾಲಿಕಲ್ ಇರುವುದಿಲ್ಲ, ಮಾತ್ರೆಯಿಂದ ಕೆಡುವಂಥದ್ದು ಏನೂ ಇಲ್ಲ. ಊಟ ಮಾಡಿ ತಗೊಳ್ಳಿ. ಆದರೆ ಮಗುವಿಗಾಗಿ ಕಾಯುತ್ತಿರುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ‘ನಾಳೆ ಆಗಬಹುದು’ ಅಂತ ಹಿಂದಿನ ದಿನವೇ ಮಾತ್ರೆ ನುಂಗಬೇಡಿ. ಸ್ರಾವ ಶುರುವಾಗಲಿ. ಮುಟ್ಟು ತಡವಾಗಿದ್ದರೆ ಮೊದಲು ಗರ್ಭಪರೀಕ್ಷೆ ಮಾಡಿ. ಆ ಹೊತ್ತಿಗೆ ಒಳಗೆ ಭ್ರೂಣ ಕಚ್ಚಿಕೊಂಡಿರಬಹುದು, ಕಚ್ಚಿಕೊಳ್ಳುವುದಕ್ಕೂ ಪ್ರೊಸ್ಟಾಗ್ಲಾಂಡಿನ್ ಬೇಕು. ಆ ದಿನಗಳಲ್ಲಿ ಈ ಮಾತ್ರೆ ತಗೊಂಡವರಲ್ಲಿ ಗರ್ಭಪಾತ ಸ್ವಲ್ಪ ಜಾಸ್ತಿ ಕಂಡ ಅಧ್ಯಯನಗಳಿವೆ, ಕಾಣದ ಅಧ್ಯಯನಗಳೂ ಇವೆ. ಅನುಮಾನ ಇರುವಾಗ ದೂರ ಇರುವುದು ಒಳ್ಳೆಯದು. ಮೆಫೆನಾಮಿಕ್ ಆಸಿಡ್ ಬಗ್ಗೆ ಇನ್ನೊಂದು ಮಾತು. 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಒಂದು ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಕೆಲವರಿಗೆ ಇದರಿಂದ ಜ್ವರ, ಮೈಮೇಲೆ ದದ್ದು, ಒಳಗಿನ ಅಂಗಗಳಿಗೂ ತೊಂದರೆ ಆಗುವ ತೀವ್ರ ಅಲರ್ಜಿ ಬರಬಹುದು ಅಂತ. ಮಾತ್ರೆ ಶುರುಮಾಡಿದ ಕೆಲವು ವಾರಗಳಲ್ಲಿ ದದ್ದು, ಜ್ವರ ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಬಿಸಿನೀರಿನ ಚೀಲ ನಿಜಕ್ಕೂ ಕೆಲಸ ಮಾಡುತ್ತದೆ, ಅದನ್ನು ಸುಮ್ನೆ ಅಜ್ಜಿ ಮದ್ದು ಅಂತ ತಳ್ಳಬೇಡಿ. ಮೀನು ತಿನ್ನುವ ಮನೆಯಾದರೆ ಬಂಗುಡೆ, ಭೂತಾಯಿ ತಿನ್ನಿ. ಅವುಗಳ ಎಣ್ಣೆ ಅರಾಕಿಡೋನಿಕ್ ಆಸಿಡ್‌ನ ಜಾಗ ಹಿಡಿದು, ಅಷ್ಟು ಜೋರಿಲ್ಲದ ಪ್ರೊಸ್ಟಾಗ್ಲಾಂಡಿನ್ ಆಗುವ ಹಾಗೆ ಮಾಡುತ್ತದೆ. ಸಣ್ಣ ಅಧ್ಯಯನಗಳಲ್ಲಿ ಮುಟ್ಟಿನ ನೋವು ಕಡಿಮೆಯಾದದ್ದೂ ಕಂಡಿದೆ. ಗರ್ಭ ನಿಲ್ಲಲಿ ಅಂತ ಮೀನೆಣ್ಣೆ ಕ್ಯಾಪ್ಸೂಲಿಗೆ ದುಡ್ಡು ಸುರಿಯಬೇಡಿ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಯೋಚನೆ ಹಚ್ಚಿದ್ದು ಬೇರೆ. ಹೈಸ್ಕೂಲಿನಿಂದ ಜೋರು ನೋವು, ಈಗ ಸೊಂಟನೋವೂ ಸೇರಿದೆ, 14 ತಿಂಗಳಾದರೂ ಗರ್ಭ ಇಲ್ಲ. ಈ ಮೂರು ಒಟ್ಟಿಗೆ ಬಂದರೆ ಎಂಡೋಮೆಟ್ರಿಯೋಸಿಸ್ ಇದೆಯಾ ಅಂತ ನೋಡಲೇಬೇಕು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ ಬೆಳೆಯುವ ಕಾಯಿಲೆ ಅದು. ಅಲ್ಲೂ ಪ್ರೊಸ್ಟಾಗ್ಲಾಂಡಿನ್‌ದೇ ಕೈವಾಡ. ಆ ಗಾಯಗಳಲ್ಲಿ ಪಿಜಿಇ-2 ಜಾಸ್ತಿಯಾಗುತ್ತದೆ, ಅದು ಅಲ್ಲೇ ಈಸ್ಟ್ರೊಜನ್ ತಯಾರಾಗುವಂತೆ ಮಾಡುತ್ತದೆ, ಆ ಈಸ್ಟ್ರೊಜನ್ ಮತ್ತೆ ಕಾಕ್ಸ್-2 ಅನ್ನು ಎಬ್ಬಿಸುತ್ತದೆ. ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗಿದೆಯಾ? ಗಂಡಹೆಂಡಿರು ಸೇರುವಾಗ ಒಳಗೆ ಆಳದಲ್ಲಿ ನೋಯುತ್ತದಾ? ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆ ಹೊತ್ತಿಗೆ ನೋವಾಗುತ್ತದಾ? ಹೌದು ಅನ್ನಿಸಿದರೆ ಸಂಕೋಚ ಬಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ. ಒಂದು ಸಲ ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ, ಸಣ್ಣ ಗಾಯಗಳು ಸ್ಕ್ಯಾನಿಗೆ ಕಾಣುವುದಿಲ್ಲ. ಸೊಂಟನೋವು ಬರೀ ಲೋಕಲ್‌ನಲ್ಲಿ ನಿಂತದ್ದಕ್ಕೇ ಬಂತು ಅಂತ ನಾವು ಮೊದಲೇ ತೀರ್ಮಾನ ಮಾಡುವುದು ಬೇಡ.

ಈಗ ಹಸುವಿನ ವಿಷಯ. ನೀವು ಕೇಳಿದ್ದು ಒಳ್ಳೆಯದಾಯ್ತು.

ಹಸುವಿಗೆ 21 ದಿನಕ್ಕೊಮ್ಮೆ ಬೆದೆ. ಅಂಡ ಹೊರಬಂದ ಜಾಗದಲ್ಲಿ ಹಳದಿ ಗಂಟು ಕಟ್ಟುತ್ತದೆ, ಕಾರ್ಪಸ್ ಲೂಟಿಯಮ್ ಅಂತ ಅದರ ಹೆಸರು. ಅದು ಪ್ರೊಜೆಸ್ಟರಾನ್ ಸುರಿಸುತ್ತಿರುವವರೆಗೆ ಹಸು ಮತ್ತೆ ಬೆದೆಗೆ ಬರುವುದಿಲ್ಲ. 17ನೇ ದಿನದ ಹೊತ್ತಿಗೆ ಗರ್ಭ ಇಲ್ಲ ಅಂತಾದರೆ ಗರ್ಭಕೋಶವೇ ಪಿಜಿಎಫ್-2 ಆಲ್ಫಾ ಕಳಿಸಿ ಆ ಗಂಟನ್ನು ಕರಗಿಸುತ್ತದೆ. ರಕ್ತದಲ್ಲಿ ಊರೆಲ್ಲ ಸುತ್ತಿ ಹೋದರೆ ಶ್ವಾಸಕೋಶದಲ್ಲಿ ಅಳಿದುಹೋಗುತ್ತದೆ ಅಂತ ಆಗಲೇ ಹೇಳಿದೆ. ಅದಕ್ಕೆ ಹಸು, ಕುರಿಗಳಲ್ಲಿ ಒಂದು ಅಡ್ಡದಾರಿ ಇದೆ. ಅಂಡಾಶಯಕ್ಕೆ ಹೋಗುವ ಅಪಧಮನಿ, ಗರ್ಭಕೋಶದಿಂದ ಬರುವ ಅಭಿಧಮನಿಯ ಮೇಲೆ ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತದೆ. ಅಭಿಧಮನಿಯಿಂದ ಪ್ರೊಸ್ಟಾಗ್ಲಾಂಡಿನ್ ಗೋಡೆ ದಾಟಿ ನೇರವಾಗಿ ಅಪಧಮನಿಗೆ ಸೇರುತ್ತದೆ. ನೋಡಿದರೆ ಆಶ್ಚರ್ಯ ಆಗುವಷ್ಟು ಅಚ್ಚುಕಟ್ಟು. ಗರ್ಭ ನಿಂತಿದ್ದರೆ ಭ್ರೂಣವೇ ಇಂಟರ್‌ಫೆರಾನ್ ಟೌ ಅನ್ನುವ ಸುದ್ದಿ ಕಳಿಸಿ, ‘ನಾನಿದ್ದೇನೆ, ಗಂಟು ಕರಗಿಸಬೇಡ’ ಅನ್ನುತ್ತದೆ.

ಅಣ್ಣನ ಹಸುವಿಗೆ ಡಾಕ್ಟರು ಕೊಟ್ಟದ್ದು ಆ ಗಂಟು ಕರಗಿಸುವ ಇಂಜೆಕ್ಷನ್. ಗಂಟು ಕರಗಿತು, ಎರಡರಿಂದ ಐದು ದಿನದೊಳಗೆ ಬೆದೆ. ಅಂದರೆ ಅದು ಗರ್ಭ ಕಟ್ಟಿಸುವ ಮದ್ದಲ್ಲ, ಬೆದೆಯ ದಿನವನ್ನು ನಮ್ಮ ಕೈಗೆ ತಂದುಕೊಡುವ ಮದ್ದು. ಗಬ್ಬವಾಗಿರುವ ಹಸುವಿಗೆ ಅದನ್ನೇ ಕೊಟ್ಟರೆ ಕಂದು ಹಾಕಬಹುದು. ಅದಕ್ಕೇ ಒಳ್ಳೆಯ ಡಾಕ್ಟರು ಮೊದಲು ಕೈ ಹಾಕಿ ಪರೀಕ್ಷೆ ಮಾಡುತ್ತಾರೆ.

ಹೆಂಗಸರಲ್ಲಿ ಈ ಏರ್ಪಾಡೇ ಬೇರೆ. ಹಸುವಿನ ಗರ್ಭಕೋಶ ತೆಗೆದರೆ ಹಳದಿ ಗಂಟು ಕರಗದೆ ಉಳಿದುಕೊಳ್ಳುತ್ತದೆ. ಹೆಂಗಸಿನ ಗರ್ಭಕೋಶ ತೆಗೆದರೂ ಅಂಡಾಶಯ ತಿಂಗಳ ಲೆಕ್ಕ ತಪ್ಪುವುದಿಲ್ಲ. ನಮ್ಮಲ್ಲಿ ಆ ಗಂಟು ಸುಮಾರು 14 ದಿನ ಬಾಳಿ ತಾನಾಗಿಯೇ ಸೊರಗುತ್ತದೆ. ಗರ್ಭ ನಿಂತರೆ ಭ್ರೂಣದ ಕಡೆಯಿಂದ ಎಚ್‌ಸಿಜಿ ಅನ್ನುವ ಹಾರ್ಮೋನು ಬಂದು ಅದನ್ನು ಉಳಿಸಿಕೊಳ್ಳುತ್ತದೆ. ನೀವು ಮನೆಯಲ್ಲಿ ಮಾಡುವ ಗರ್ಭಪರೀಕ್ಷೆಯ ಪಟ್ಟಿ ಹಿಡಿಯುವುದು ಅದನ್ನೇ. ಹಾಗಾಗಿ ಹಸುವಿನ ಇಂಜೆಕ್ಷನ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಅಪಾಯವೇ ಜಾಸ್ತಿ. ಇದನ್ನು ಒತ್ತಿ ಹೇಳುತ್ತೇನೆ: ಊರಿಗೆ ಹೋದಾಗ ಆ ಬಾಟಲಿ, ಸಿರಿಂಜು ಮುಟ್ಟಬೇಡಿ. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ಬಸುರಿಯರು, ಬಸುರಾಗಿರಬಹುದಾದವರು, ಆಸ್ತಮಾ ಇರುವವರು ಅದರಿಂದ ದೂರ ಇರಬೇಕು. ಅತ್ತಿಗೆಗೂ ಹೇಳಿ.

ಹೆಂಗಸರಿಗೆ ಪ್ರೊಸ್ಟಾಗ್ಲಾಂಡಿನ್ ಔಷಧಗಳು ಇಲ್ಲ ಅಂತಲ್ಲ. ಅವು ಬೇಕಾಗುವುದು ಗರ್ಭದ ಇನ್ನೊಂದು ತುದಿಯಲ್ಲಿ. ದಿನ ತುಂಬಿದರೂ ನೋವು ಬಾರದಿದ್ದರೆ, ಗರ್ಭಕೋಶದ ಬಾಯಿ ಮೆತ್ತಗಾಗಲಿ ಅಂತ ಹೆರಿಗೆ ವಾರ್ಡಿನಲ್ಲಿ ‘ಜೆಲ್’ ಇಡುತ್ತೇವಲ್ಲ, ಅದು ಪಿಜಿಇ-2. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೊಡುವ ಕಾರ್ಬೊಪ್ರಾಸ್ಟ್ ಪಿಜಿಎಫ್-2 ಆಲ್ಫಾದ ತಮ್ಮ. ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಮೊದಲು ತಂದದ್ದು ಹೊಟ್ಟೆಹುಣ್ಣಿಗೆ. ಇವತ್ತು ಅದು ಫ್ರಿಜ್ ಇಲ್ಲದ ಹಳ್ಳಿಗಳಲ್ಲಿ ಬಾಣಂತಿಯರ ಜೀವ ಉಳಿಸುತ್ತಿದೆ, ಯಾಕೆಂದರೆ ಇದೇ ಕೆಲಸಕ್ಕೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನಿನ ಹಾಗೆ ಅದನ್ನು ತಂಪಿನಲ್ಲಿ ಇಡಬೇಕಿಲ್ಲ. ಅದೇ ಮಾತ್ರೆ ಗರ್ಭ ತೆಗೆಸುವುದಕ್ಕೂ ಬಳಕೆಯಾಗುತ್ತದೆ. ಅದನ್ನು ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಿಂದ ತಂದು ನುಂಗಿ, ರಕ್ತ ಹರಿದು ರಾತ್ರೋರಾತ್ರಿ ಬಂದ ಹುಡುಗಿಯರನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಗರ್ಭ ನಿಂತ ಮೇಲೂ ಈ ಪಾಠ ಮರೆಯಬೇಡಿ. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ. ಅದರ ರಕ್ತ ಶ್ವಾಸಕೋಶ ಬಳಸದೆ ಒಂದು ಅಡ್ಡನಾಳದಲ್ಲಿ ಹಾದುಹೋಗುತ್ತದೆ. ಆ ನಾಳ ತೆರೆದಿರುವಂತೆ ನೋಡಿಕೊಳ್ಳುವುದು ಪಿಜಿಇ-2. ಕೊನೆಯ ತಿಂಗಳುಗಳಲ್ಲಿ ತಾಯಿ ಡೈಕ್ಲೋಫೆನಾಕ್‌ನಂಥದ್ದು ತಗೊಂಡರೆ ಆ ನಾಳ ಹೊತ್ತಿಗೆ ಮುಂಚೆ ಮುಚ್ಚಬಹುದು. 20 ವಾರದ ನಂತರ ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ.

ಹಾಗಾದರೆ ನೀವೇನು ಮಾಡಬೇಕು? ಮೆಡಿಕಲ್‌ನವರು ಕೊಟ್ಟ ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಸೊಂಟನೋವಿಗೆ ತಡೆಯಲಾಗದ ದಿನ ಪ್ಯಾರಸಿಟಮಾಲ್ ಸಾಕು, ಅದು ಅಂಡಾಶಯದ ಕಾಕ್ಸ್ ಮೇಲೆ ಅಷ್ಟು ಜೋರಾಗಿ ಕೈ ಮಾಡುವುದಿಲ್ಲ. ಸೊಂಟವನ್ನು ಒಬ್ಬ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಕೇಳಿ. ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಸಂಧಿವಾತಕ್ಕೆ ದಿನಾ ಮಾತ್ರೆ ತಗೊಳ್ಳುವವರು, ಡಾಕ್ಟರು ಕಡಿಮೆ ಡೋಸಿನ ಆಸ್ಪಿರಿನ್ ಬರೆದುಕೊಟ್ಟಿರುವವರು, ಇದನ್ನು ಓದಿ ತಾವಾಗಿ ನಿಲ್ಲಿಸಬೇಡಿ. ಅದರ ಲೆಕ್ಕ ಬೇರೆ. ನಿಮ್ಮ ಡಾಕ್ಟರನ್ನು ಕೇಳಿ.

ಮುಂದಿನ ಮುಟ್ಟು ಬಂದರೆ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ದಿನ ನಿಮ್ಮ ಮಾಮೂಲಿ ಮಾತ್ರೆ ಇರಲಿ. ಆಮೇಲೆ ಈ ಜಾತಿಯ ಯಾವ ಮಾತ್ರೆಯೂ ಬೇಡ. 11 ಅಥವಾ 12ನೇ ದಿನದಿಂದ ಫಾಲಿಕ್ಯುಲರ್ ಸ್ಟಡಿ ಮಾಡಿಸಿ, ಒಡೆದದ್ದು ಕಾಣುವವರೆಗೂ ಹೋಗಿ. ‘ಫಾಲಿಕಲ್ ಚೆನ್ನಾಗಿ ಬೆಳೆದಿದೆ’ ಅಂದ ಕೂಡಲೇ ಅರ್ಧಕ್ಕೆ ನಿಲ್ಲಿಸಬೇಡಿ, ನಿಮಗೆ ಬೇಕಿರುವುದೇ ಕೊನೆಯ ಸ್ಕ್ಯಾನ್.

ಅದೇ ವಾರ ನಿಮ್ಮ ಯಜಮಾನರ ವೀರ್ಯಪರೀಕ್ಷೆಯೂ ಆಗಲಿ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. 14 ತಿಂಗಳಿಂದ ಮಾತೆಲ್ಲ ನಿಮ್ಮ ಮಾತ್ರೆಯ ಸುತ್ತಲೇ ತಿರುಗಿದೆ. ಮಗು ಆಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯದ್ದೂ ಪಾಲಿರುತ್ತದೆ. ಎರಡರಿಂದ ಏಳು ದಿನ ಸಂಯಮ ಇಟ್ಟುಕೊಂಡು ಲ್ಯಾಬಿಗೆ ಹೋದರೆ ಮುಗಿಯಿತು, ಸೂಜಿ ಇಲ್ಲ, ನೋವಿಲ್ಲ. 35ರೊಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಕಾದು ಇಬ್ಬರೂ ಒಟ್ಟಿಗೆ ತೋರಿಸಿಕೊಳ್ಳಬೇಕು ಅನ್ನುವುದು ಲೆಕ್ಕ. ನಿಮಗೆ ಆ ಹೊತ್ತು ಆಗಿದೆ.

ಅತ್ತೆಯವರಿಗೆ ಈ ಉತ್ತರ ಓದಿ ಹೇಳಿ. ಅವರ ಅನುಮಾನದಲ್ಲಿ ಅರ್ಧ ಸರಿ ಇತ್ತು ಅನ್ನುವುದನ್ನೂ ಹೇಳಿ. ಡಾಕ್ಟರ ಹತ್ತಿರ ಹೋಗುವಾಗ ನಿಮ್ಮ ಬ್ಯಾಗಿನಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ತಗೊಂಡು ಹೋಗಿ ಮೇಜಿನ ಮೇಲಿಡಿ. ಅವರು ಕೇಳಲಿ, ಬಿಡಲಿ.